ಕಿಟಕಿಯ ಬೆಳಕಿಗೆ ಹಿಡಿದ ಕವರ್

"ರೀ, ಆ ಕವರ್ ಕೆಳಗಿಡಿ!"

ನರ್ಸ್ ಭಾನುಪ್ರಿಯಳ ಕೂಗಿಗೆ ರಾಮನಗರದ ಆ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡೇ ತಿರುಗಿ ನೋಡಿತು.

ಕಿಟಕಿಯ ಬಳಿ ನಿಂತಿದ್ದ ಯುವಕ ಬೆಚ್ಚಿಬಿದ್ದ. ಅವನ ಕೈಯಲ್ಲಿ ಅಂಟಿಸಿದ ಬಿಳಿ ಕವರ್... ಅದನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದ!

"ನಾನು ಅಶ್ವಥ್. ಈ ಸಂಶೋಧನೆಗೆ ಬಂದಿರೋ ಹೊಸ ಡಾಕ್ಟ್ರು."

"ಡಾಕ್ಟ್ರಾದ್ರೆ ಇಣುಕಿ ನೋಡ್ಬೋದಾ?"

ಅವನು ಕವರನ್ನು ಉಳಿದ ಕವರುಗಳಿದ್ದ ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಯನ್ನು ಅವಳ ಅಂಗೈಗಿಟ್ಟ.

"ಇನ್ಮೇಲೆ ಇದು ನಿಮ್ಮ ಹತ್ರನೇ ಇರ್ಲಿ ಸಿಸ್ಟರ್."

ಯಾಕೆ? ನಾಳೆ ಹೆಚ್ಚುಕಮ್ಮಿಯಾದರೆ ತಪ್ಪನ್ನು ನನ್ನ ತಲೆಗೆ ಕಟ್ಟುವುದಕ್ಕಾ?

ಹೊಲಕ್ಕೆ ಕೀಟನಾಶಕ ಹೊಡೆಯುವಾಗ ವಿಷ ಮೈಗೇರಿದವರ ಮೇಲಿನ ಸಂಶೋಧನೆ ಅದು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಸಿಗುತ್ತದೆ. ಜೊತೆಗೆ ಹೊಸ ಔಷಧ ಕೊಡಬೇಕೋ ಬೇಡವೋ ಎಂದು ಹೇಳುವುದು ಕವರ್. ಮನೆಯವರು ಒಪ್ಪಿ ಸಹಿ ಹಾಕಿದ ಮೇಲಷ್ಟೇ ಸರದಿಯ ಕವರ್ ಒಡೆಯಬೇಕು. ಮೊದಲೇ ಓದಿಕೊಂಡವನು ತನಗೆ ಬೇಕಾದವರಿಗೆ ಹೊಸ ಔಷಧ ಸಿಗುವಂತೆ ಮಾಡಬಹುದು. ಆಗ ಇಡೀ ಸಂಶೋಧನೆಯೇ ಸುಳ್ಳು!

ಮೂರು ವಾರ ಅವಳು ಅವನ ಕೈಗಳ ಮೇಲೇ ಕಣ್ಣಿಟ್ಟಳು. ಆ ಕೈಗಳು ರೋಗಿಗಳ ಬಾಯಿಯ ಜೊಲ್ಲು ಒರೆಸುತ್ತಿದ್ದವು. ಅವಳಿಗೆ ಮಾಗಡಿ ಬಸ್ ತಪ್ಪಿದ ಸಂಜೆ, ಮುಂದಿನ ಬಸ್ ಬರುವವರೆಗೂ ಅವನು ಅವಳ ಜೊತೆ ನಿಂತಿದ್ದ.

ಒಳ್ಳೆಯವನಾ? ಒಳ್ಳೆಯವನ ಹಾಗೆ ನಟಿಸುತ್ತಿದ್ದಾನಾ? ಅಥವಾ... ನಾನೇ ಕೆಟ್ಟವಳಾ?

ಸಂಶೋಧನೆಯ ಮೇಲ್ವಿಚಾರಣೆ ನೋಡುವ ಕಮಿಟಿಗೆ ಅವಳು ಬರೆದ ದೂರು ಹತ್ತು ದಿನದಿಂದ ಬ್ಯಾಗಿನಲ್ಲೇ ಇತ್ತು. ಕಳಿಸಿದರೆ ಅವನ ಕೆಲಸ ಹೋಗುತ್ತದೆ. ಕಳಿಸದಿದ್ದರೆ, ನಂಬಿ ಹೆಬ್ಬೆಟ್ಟು ಒತ್ತಿದವರಿಗೆಲ್ಲ ಮೋಸ.

ಗುರುವಾರ ಮಧ್ಯಾಹ್ನ ಸಾತನೂರಿನಿಂದ ಅಂಕಯ್ಯನನ್ನು ಹೊತ್ತು ತಂದರು. ಟೊಮ್ಯಾಟೊ ತೋಟಕ್ಕೆ ಎದುರುಗಾಳಿಯಲ್ಲಿ ಔಷಧಿ ಹೊಡೆದಿದ್ದ. ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು.

"ಮಾವ!" ಅಶ್ವಥನ ದನಿ ಒಡೆಯಿತು.

ಅವನ ಸ್ವಂತ ಸೋದರಮಾವ! ಮಾಮೂಲಿ ಚಿಕಿತ್ಸೆ ಆ ಕ್ಷಣವೇ ಶುರುವಾಯಿತು.

ಅತ್ತೆ ವೆಂಕಟಲಕ್ಷ್ಮಮ್ಮ ಅವನ ತೋಳು ಹಿಡಿದಳು. "ಏನ್ಲಾ ಅಶ್ವಥಾ, ನಿನ್ನ ಎತ್ತಾಡ್ಸಿದ ಮಾವ ಕಣ್ಲಾ! ಆ ಹೊಸ ಔಷಧೀನೂ ಹಾಕ್ಸ್ಲಾ!"

"ಅದು ಒಳ್ಳೇದೋ ಅಲ್ವೋ ನಮಗೇ ಇನ್ನೂ ಗೊತ್ತಿಲ್ಲ ಅತ್ತೆ. ಅದನ್ನ ತಿಳ್ಕಳಕ್ಕೇ ಈ ಕವರ್ರು. ಬ್ಯಾಡ ಅಂದ್ರೂ ನಡೀತೈತೆ."

"ಸೇರ್ಸ್ಕಳ್ಲಾ ಮತ್ತೆ."

ಅವನು ಭಾನುಪ್ರಿಯಳ ಕಡೆ ಬಂದ. ಅವಳು ಕೀಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಈಗ ಕೇಳುತ್ತಾನೆ... ಈಗ ಗೊತ್ತಾಗುತ್ತದೆ!

"ಸಿಸ್ಟರ್, ಬೇರೆ ಡಾಕ್ಟ್ರನ್ನ ಕರೀರಿ. ಅವರೇ ವಿವರ ಹೇಳಿ ಒಪ್ಪಿಗೆ ತಗೊಳ್ಲಿ. ಇವರು ನನ್ನ ಮಾವ." ಅವನು ಅವಳ ಮುಷ್ಟಿಯ ಕಡೆ ನೋಡಿದ. "ಕೀ ಮಾತ್ರ ನನಗೆ ಕೊಡ್ಬೇಡಿ. ನಾನು ಕೇಳಿದ್ರೂ ಕೊಡ್ಬೇಡಿ."

ಪೆಟ್ಟಿಗೆಗೆ ಬೆನ್ನು ಹಾಕಿ ಅವನು ಗೋಡೆ ನೋಡುತ್ತಾ ನಿಂತ.

ಬೇರೆ ಡಾಕ್ಟರ್ ಬಂದು, ಅತ್ತೆಯ ಒಪ್ಪಿಗೆ ಪಡೆದು ಕವರ್ ಒಡೆದಾಗ ಒಳಗಿದ್ದದ್ದು: ಮಾಮೂಲಿ ಚಿಕಿತ್ಸೆ ಮಾತ್ರ.

ಅವನು ತಲೆಯಾಡಿಸಿದ. ಅಷ್ಟೇ.

ಮೂರನೇ ದಿನ ಅಂಕಯ್ಯ ಕಣ್ಣುಬಿಟ್ಟ. "ಒಸಿ ಕಾಫಿ ಕೊಡ್ರವ್ವಾ," ಎಂದ. ಅಶ್ವಥ್ ವರಾಂಡಕ್ಕೆ ಹೋಗಿ ಮುಖ ಮುಚ್ಚಿಕೊಂಡು ಅತ್ತ.

ಭಾನುಪ್ರಿಯ ಹಿಂದೆಯೇ ಬಂದು ದೂರನ್ನು ಅವನ ಕೈಗಿಟ್ಟಳು. ಓದಿದ ಅವನು ಮೊಬೈಲ್ ತೋರಿಸಿದ. ಬಂದ ದಿನವೇ ಕಮಿಟಿಗೆ ಬರೆದ ಮೇಲ್!

'ಕವರ್ ತೆಳು, ಬೆಳಕಿಗೆ ಹಿಡಿದರೆ ಓದಬಹುದು. ಪರೀಕ್ಷಿಸಲು ನಾನೇ ಹಿಡಿದೆ. ಆ ಕವರನ್ನು ರದ್ದು ಮಾಡಿ. ಹೊಸದು ಬರುವವರೆಗೆ ಕೀ ಸಿಸ್ಟರ್ ಭಾನುಪ್ರಿಯ ಬಳಿ ಇರಲಿ. ಅವರು ಡಾಕ್ಟರನ್ನೂ ಬೈಯುತ್ತಾರೆ.'

"ನಂಗ್ಯಾಕೆ ಹೇಳ್ಲಿಲ್ಲ?"

"ಕಮಿಟಿಯವ್ರು ಯಾರಿಗೂ ಹೇಳ್ಬೇಡಿ ಅಂದ್ರು. ಓದ್ಬೋದು ಅಂತ ಗೊತ್ತಾದ್ರೆ ಯಾರಾದ್ರೂ ಓದ್ತಾರಲ್ಲ?"

ಕಣ್ಣೀರಿನಲ್ಲೇ ಅವಳು ದೂರನ್ನು ಹರಿಯಹೊರಟಳು. ಅವನು ಕೈ ತಡೆದ.

"ಹರೀಬೇಡಿ, ಕಳ್ಸಿ. ಕಂಡಿದ್ದನ್ನ ನೀವು ಬರೀಲೇಬೇಕು."

"ನಾನು ಹಿಂಗೇ ಕಣ್ರಿ... ಎಲ್ಲದಕ್ಕೂ ಅನುಮಾನ."

"ಅದಕ್ಕೇ ನೀವಂದ್ರೆ ಇಷ್ಟ."

ಅವಳ ಕೆನ್ನೆ ಕೆಂಪಾಯಿತು. "ಹೊಸ ಕಪ್ಪು ಕವರ್ ಬಂದಿವೆ. ಕೀ ವಾಪಸ್ ಕೊಡ್ಲಾ?"

"ಬ್ಯಾಡ. ಸಾತನೂರಲ್ಲಿ ನಮ್ಮನೆ ಕೀನೂ ಒಂದೈತೆ... ಅದನ್ನೂ ಇಟ್ಕೋತೀರಾ?"

ಭಾನುಪ್ರಿಯ ಕಣ್ಣೊರೆಸಿಕೊಂಡು ಅವನನ್ನೇ ದಿಟ್ಟಿಸಿದಳು.

"ಮೊದ್ಲು ಮನೆ ತೋರ್ಸಿ. ಪೂರ್ತಿ ನೋಡ್ದೆ ನಾನು ಎಲ್ಲೂ ಸೈನ್ ಹಾಕಲ್ಲ!"