ಹೋಲಿಕೆಗೆ ಬೇಕಾದ ಹುಂಜ

"ಹುಂಜ ಕೆಳಗೆ ಬಿಡ್ತೀಯೋ, ಇಲ್ಲಾ ಕೈ ಕತ್ತರಿಸ್ಲೋ?"

ಮಚ್ಚು ನನ್ನ ಮೂಗಿನ ಮುಂದೆ!

ಹಿಡಿದವಳು ಬಂಗಾರಮ್ಮ. ಭದ್ರಾವತಿಯಲ್ಲಿ ಕುಲುಮೆ ಕೆಲಸ ಮಾಡುವ ಕಲ್ಲಪ್ಪನ ಹೆಂಡತಿ. ನಾನು ಏಕಾಂತಪ್ಪ, ಪ್ರೈವೇಟ್ ಡಿಟೆಕ್ಟಿವ್. ನನ್ನ ಹೆಸರು ಕೇಳಿದರೆ ಶಿವಮೊಗ್ಗದ ರೌಡಿಗಳು ನಡುಗುತ್ತಾರೆ... ಹಾಗಂತ ನಾನೇ ಹೇಳಿಕೊಂಡು ತಿರುಗುತ್ತೇನೆ.

ಓಡಿದೆ!

ಕಂಕುಳಲ್ಲಿ ಹುಂಜ. ಹಿಂದೆ ಬಂಗಾರಮ್ಮ. ಹೊರಟಿದ್ದ ಶಿವಮೊಗ್ಗ ಬಸ್ಸಿಗೆ ನೆಗೆದೆ. ಅವಳೂ ನೆಗೆದಳು!

ಯಾಕೆ ಈ ಗ್ರಹಚಾರ ಅಂತೀರಾ? ಅರವತ್ತೆಂಟನೇ ಇಸವಿ. ಕೇಸಿಲ್ಲದ ದಿನ ನಾನು ಓಡಾಟದ ಕೆಲಸ ಮಾಡಿಕೊಡುತ್ತಿದ್ದ ಶಿವಮೊಗ್ಗದ ಡಾಕ್ಟರ್ ಉಮಾಮಹೇಶ್ವರ ಫಾರಿನ್ನಿಂದ ಒಂದು ಮೆಷಿನ್ ತರಿಸಿದ್ದರು. ಜೀವಕೋಶಕ್ಕೆ ಬಣ್ಣ ಹಾಕಿ, ಒಳಗೆ ಡಿಎನ್‌ಎ ಎಷ್ಟಿದೆ ಅಂತ ಅಳೆಯುವ ಮೆಷಿನ್. ಕಲ್ಲಪ್ಪನ ಅನ್ನನಾಳದಿಂದ ತೆಗೆದ ಚೂರಿನಲ್ಲಿ ಅದು ದುಪ್ಪಟ್ಟು ಬಂದಿತ್ತು. ಕ್ಯಾನ್ಸರ್ ಇರಬಹುದು. ಮಧ್ಯಾಹ್ನ ಎರಡಕ್ಕೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್!

ಆದರೆ ಡಾಕ್ಟರಿಗೇ ಅನುಮಾನ. ಹೋಲಿಕೆಗೆ ಇಟ್ಟಿದ್ದು ಕೋಳಿ ರಕ್ತದ ಹಳೇ ಸ್ಲೈಡು. ಅದರ ಬಣ್ಣ ಮಾಸಿತ್ತು.

"ಅಳತೆಗೋಲೇ ಸವೆದಿದ್ರೆ ಅಳತೆ ಜಾಸ್ತಿ ಬರುತ್ತೆ ಏಕಾಂತಪ್ಪ. ಜೀವಂತ ಕೋಳಿ ತನ್ನಿ. ಬೇಗ!"

ನಾವು ಲಿಂಗ ಕಟ್ಟಿದವರು. ಮೊಟ್ಟೆಯನ್ನೂ ಮುಟ್ಟದವರು. ನಾನು ಶಿವಮೊಗ್ಗ ಪೇಟೆಯಲ್ಲಿ ಕೋಳಿ ಹಿಡಿದು ನಿಂತರೆ ಸಾಯಂಕಾಲದೊಳಗೆ ಅತ್ತೆ ಮನೆಗೆ ಸುದ್ದಿ! ಅದಕ್ಕೇ ಭದ್ರಾವತಿಗೆ ಹೋದೆ. ಕಲ್ಲಪ್ಪನ ಅಂಗಳದಲ್ಲೇ ಹುಂಜ ಕಂಡಿತು. ಮನೆಯಲ್ಲಿ ಯಾರೂ ಕಾಣಲಿಲ್ಲ. ಅವನ ಜೀವಕ್ಕೇ ತಾನೇ ಅಂತ ಎತ್ತಿಕೊಂಡೆ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಸೂಜಿ ಎತ್ತಿದರು. ಬಂಗಾರಮ್ಮ ಮಚ್ಚು ಎತ್ತಿದಳು!

"ಗಂಡ ಹುಷಾರಾಗ್ಲಿ ಅಂತ ಮಾರಮ್ಮಂಗೆ ಬಿಟ್ಟಿರೋ ಹುಂಜ ಇದು! ಇಲ್ಲಿ ರಕ್ತ ಬಿದ್ರೆ ಹರಕೆ ಕೆಡ್ತದೆ. ಅವರು ಉಳಿಯಲ್ಲ!"

"ಅಮ್ಮಾ, ಒಂದೇ ಒಂದು ಹನಿ..." ಅಂದೆ.

"ನಿಂದೇ ಕೊಡು!"

ಡಾಕ್ಟರು ಸೂಜಿ ಕೆಳಗಿಟ್ಟರು.

"ಇವರದ್ದು ಯಾಕೆ... ಕಲ್ಲಪ್ಪಂದೇ ಇದೆಯಲ್ಲ! ಆ ಚೂರಿನೊಳಗೇ ಬಿಳಿ ರಕ್ತಕಣ ಇವೆ, ಅವುಗಳಲ್ಲಿ ಡಿಎನ್‌ಎ ಮಾಮೂಲಿಯಷ್ಟೇ ಇರುತ್ತೆ. ಅದೇ ಮೈ, ಅದೇ ಸ್ಲೈಡು, ಅದೇ ಬಣ್ಣ. ಇದಕ್ಕಿಂತ ಒಳ್ಳೇ ಹೋಲಿಕೆ ಇನ್ನೆಲ್ಲಿ?"

"ಇದನ್ನ ಬೆಳಿಗ್ಗೇನೇ ಹೇಳಬಾರದಿತ್ತಾ ಸ್ವಾಮಿ!" ಅಂದೆ.

ಡಾಕ್ಟರು ಮೆಷಿನ್ನಿಗೆ ಕಣ್ಣು ಹಚ್ಚಿದರು. ಒಂದೂವರೆ ಆಯಿತು. ಒಂದೂ ಮುಕ್ಕಾಲು...

"ಸಮ ಇದೆ," ಅಂದರು ಕೊನೆಗೆ. "ದುಪ್ಪಟ್ಟಲ್ಲ! ಆಪರೇಷನ್ ನಿಲ್ಲಿಸಿ ಅಂತ ಈಗಲೇ ಫೋನ್ ಮಾಡ್ತೀನಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ."

ಬಂಗಾರಮ್ಮ ನೆಲಕ್ಕೆ ಕುಸಿದು ಗೊಳೋ ಅಂತ ಅತ್ತಳು.

ಡಿಟೆಕ್ಟಿವ್ ಆದವನು ಅಳುವುದಿಲ್ಲ. ನಾನು ಗೋಡೆ ಕಡೆ ತಿರುಗಿ ಮೂಗು ಸೀಟುತ್ತಿದ್ದೆ, ಅಷ್ಟೇ!