ಬೆನ್ನ ಹಿಂದಿನ ಕೈ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಹೇಮಗೂಡು ಎಂಬ ರಾಜ್ಯವಿತ್ತು. ಅದರ ಬಡಗಣ ಗಡಿಯ ಗವಿಯಲ್ಲಿ ಕಲ್ಲುಗಣ್ಣ ಎಂಬ ಮಾಂತ್ರಿಕನಿದ್ದ. ಅವನು ದಿಟ್ಟಿಸಿ ನೋಡಿದವರು ಕಾಲಿನಿಂದ ಮೇಲಕ್ಕೆ ಕಲ್ಲಾಗುತ್ತಿದ್ದರು. ವರ್ಷದೊಳಗೆ ಅವನು ಸತ್ತರೆ ಕಲ್ಲಾದವರಿಗೆ ಬಿಡುಗಡೆ. ವರ್ಷ ತುಂಬಿತೆಂದರೆ ಕಲ್ಲು ಕಲ್ಲೇ.

ಹೇಮಗೂಡಿನಿಂದ ಕಾಳಗಕ್ಕೆ ಹೊರಡುವವರು ಮೂವರಾಗಿಯೇ ಹೊರಡುತ್ತಿದ್ದರು. ಮುಂದೆ ಗುರಾಣಿಯವರು, ಪೆಟ್ಟು ತಿನ್ನುವುದು ಅವರ ಕೆಲಸ. ಹಿಂದೆ ಬಿಲ್ಲಿನವರು; ಕೊಲ್ಲುವುದು ಅವರ ಕೆಲಸ. ನಡುವೆ ಮದ್ದಿನವರು, ಯಾರು ಉಳಿದರೆ ತಂಡ ಉಳಿಯುತ್ತದೆಂದು ಲೆಕ್ಕ ಹಾಕುವ ಪಾಪದ ಕೆಲಸ ಅವರದು. ಗುರಾಣಿ ಹಿಡಿದವರು ಹಿಂದಿರುಗಿ ನೋಡುವಂತಿಲ್ಲ. ಅದಕ್ಕೇ ಎಡಗೈಯನ್ನು ಬೆನ್ನ ಹಿಂದೆ ಇಟ್ಟು ಆ ಕೈಯಲ್ಲೇ ಮಾತಾಡುತ್ತಿದ್ದರು. ಮುಷ್ಟಿ ಎಂದರೆ ನಿಲ್ಲಿ. ಒಂದು ಬೆರಳು ಎಂದರೆ ಬಾಣ ಬಿಡಿ. ಬಿಚ್ಚಿದ ಅಂಗೈ ಎಂದರೆ, ನನ್ನನ್ನು ಬಿಡಿ, ಉಳಿದವರನ್ನು ನೋಡಿ. ಆ ಕೈ ಹೇಳಿದ್ದನ್ನು ತಂಡದಾಚೆ ಯಾರಿಗೂ ಹೇಳಬಾರದು. ರಾಣಿ ಕೇಳಿದರೂ ಹೇಳಬಾರದು.

ಹಿಂದಿನ ವರ್ಷ ಮಾಚಲೆ ಎಂಬ ಗುರಾಣಿಯವಳು ಹೋಗಿ ಕಲ್ಲಾಗಿದ್ದಳು. ಅವಳ ತಂಡದ ಮದ್ದಿನವಳು ಏಚಲೆ, ಗಾಯಗೊಂಡ ಬಿಲ್ಲುಗಾರನನ್ನು ಹೊತ್ತುಕೊಂಡು ಹಿಂದಿರುಗಿದ್ದಳು. ಊರು ಅವಳನ್ನು 'ಬಿಟ್ಟು ಬಂದವಳು' ಎಂದು ಕರೆಯಿತು. ಕೋಟೆಯೊಳಗೆ ಬೆಚ್ಚಗೆ ಕೂತವರಿಗೆ ಹೆಸರಿಡುವುದೇನು ಕಷ್ಟ! ಏಚಲೆ ಮರುಮಾತಾಡಲಿಲ್ಲ.

ಮಾಚಲೆಯ ತಮ್ಮ ಬೂತುಗ ಗುರಾಣಿವಿದ್ಯೆ ಕಲಿತು ಮುಗಿಸುವಷ್ಟರಲ್ಲಿ ವರ್ಷ ತುಂಬಲು ಮೂರೇ ದಿನ ಉಳಿದಿತ್ತು. ಕೇತಯ್ಯನೆಂಬ ಬಿಲ್ಲುಗಾರ ಜೊತೆಗೆ ಬಂದ. ಗವಿಯ ದಾರಿ ಬಲ್ಲವಳು ಏಚಲೆಯೊಬ್ಬಳೇ.

"ಬಾ, ಮದ್ದಿನವಳೇ," ಎಂದ ಬೂತುಗ. ಚಿಕ್ಕವನಿದ್ದಾಗ ಅವಳ ಮನೆಯಲ್ಲೇ ಉಂಡು ಬೆಳೆದವನು, ಅಕ್ಕ ಎನ್ನಲಿಲ್ಲ.

ಏಚಲೆಯ ಸೋರೆಬುರುಡೆಯಲ್ಲಿ ಬಿಳಿಬೇರಿನ ಮದ್ದು ಮೂರೇ ಹನಿಯಿತ್ತು. ಎಂಥ ಗಾಯವನ್ನಾದರೂ ಮಾಯಿಸುವ ಹನಿ. ಕಲ್ಲಾಗುತ್ತಿರುವ ಮೈಯನ್ನೂ ತಡೆಯುವ ಹನಿ. ಪೂರ್ತಿ ಕಲ್ಲಾದವರಿಗೆ ಮಾತ್ರ ಅದು ನಾಟುವುದಿಲ್ಲ.

"ಕಲ್ಲುಗಣ್ಣನ ಜೀವ ಕುತ್ತಿಗೆಯ ನೀಲಿ ಮಚ್ಚೆಯಲ್ಲಿದೆ," ಎಂದಳು ದಾರಿಯಲ್ಲಿ. "ಸಿಟ್ಟಿನಿಂದ ಒಬ್ಬರನ್ನು ದಿಟ್ಟಿಸುವಾಗ ಗದ್ದ ಎತ್ತುತ್ತಾನೆ. ಆಗಷ್ಟೇ ಅದು ಕಾಣುತ್ತದೆ. ಹೋದ ಸಲ ನೋಡಿ ಬಂದೆ."

"ನೋಡಿ ಬಂದೆಯಲ್ಲ, ದೊಡ್ಡದು," ಎಂದ ಬೂತುಗ.

ಮೊದಲ ದಿನ ಕಬ್ಬಿಣದ ಕೂದಲಿನ ಹಂದಿ ಎದುರಾಯಿತು. ಬೂತುಗ ಎರಡೂ ಕೈಯಲ್ಲಿ ಗುರಾಣಿ ಹಿಡಿದು ನಿಂತ. ಹಿಂದೆ ನಿಂತವಳ ಮೇಲೆ ನಂಬಿಕೆಯಿಲ್ಲದವನಿಗೆ ಬೆನ್ನ ಹಿಂದಿನ ಕೈ ಯಾಕೆ? ಸನ್ನೆ ಕಾಣದ ಕೇತಯ್ಯ ತಪ್ಪು ಹೊತ್ತಿನಲ್ಲಿ ಮುಂದೆ ಬಂದ. ಹಂದಿಯ ಕೋರೆ ಅವನ ತೊಡೆ ಸೀಳಿತು. ನೆಲದ ಮೇಲಿಂದಲೇ ಬಾಣ ಬಿಟ್ಟು ಅದನ್ನು ಕೊಂದ. ಒಂದು ಹನಿ ಅವನ ತೊಡೆಗೆ ಹೋಯಿತು.

"ಅಲ್ಲಯ್ಯಾ, ನಿನ್ನ ಎಡಗೈ ಮಾವನ ಮನೆಗೆ ಹೋಗಿತ್ತೇನು?" ಎಂದ ಕೇತಯ್ಯ.

ಎರಡನೆಯ ದಿನ ಮಂಜಿನ ತೋಳಗಳು ಎದುರಾದವು. ಹಿರಿಯ ತೋಳ ಕುಂಟುತ್ತ ಓಡಿತು. ಗುರಾಣಿಯವನು ಜಾಗ ಬಿಡಬಾರದು. ಬೂತುಗ ಬಿಟ್ಟ, ಅಟ್ಟಿಸಿಕೊಂಡು ಹೋದ. ಕುಂಟು ಬರೀ ನಾಟಕವಾಗಿತ್ತು. ತೋಳಗಳೆಲ್ಲ ಅವನನ್ನು ಸುತ್ತುವರಿದು ಕೆಡವಿದವು. ಏಚಲೆ ನುಗ್ಗಿ ಅವನನ್ನು ಎಳೆದು ತಂದಳು. ಕೇತಯ್ಯನ ಬಾಣಗಳಿಗೆ ತೋಳಗಳು ಮಂಜಾಗಿ ಕರಗಿದವು, ಆದರೆ ಅಷ್ಟರಲ್ಲಿ ಅವಳ ತೋಳು ಹರಿದಿತ್ತು, ಅವನ ಕುತ್ತಿಗೆಯೂ ಹರಿದಿತ್ತು. ಎರಡನೆಯ ಹನಿಯನ್ನು ಅವಳು ಅವನ ಕುತ್ತಿಗೆಗೆ ಬಿಟ್ಟಳು. ತನ್ನ ತೋಳಿಗೆ ಸೆರಗು ಸುತ್ತಿಕೊಂಡಳು.

"ನೀನು ಯಾಕೆ ಹಾಕಿಕೊಳ್ಳಲಿಲ್ಲ?" ಎಂದ ಎದ್ದು ಕೂತ ಬೂತುಗ.

"ಗುರಾಣಿ ಹಿಡಿಯುವವನು ನೀನು."

"ನನ್ನ ಅಕ್ಕನೂ ಗುರಾಣಿ ಹಿಡಿದಿದ್ದಳಲ್ಲ! ಅವಳನ್ನು ಯಾಕೆ ಎಳೆದು ತರಲಿಲ್ಲ?"

ಏಚಲೆ ಬುರುಡೆಯ ಬಾಯಿಗೆ ಬಿರಡೆ ತುರುಕಿ ಎದ್ದಳು.

ಮೂರನೆಯ ದಿನ ಗವಿಯ ಮುಂದಿನ ಬಯಲಿಗೆ ಬಂದರು. ಆ ಒಂದು ವರ್ಷದಲ್ಲಿ ಕಲ್ಲಾದ ನೂರಾರು ಜನ ಗವಿಯ ಕಡೆ ಮುಖ ಮಾಡಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಮಾಚಲೆ. ಹಿಂದಿನಿಂದ ಬಂದ ಬೂತುಗನಿಗೆ ಮೊದಲು ಕಂಡದ್ದು ಅಕ್ಕನ ಬೆನ್ನು. ಆ ಬೆನ್ನ ಮೇಲೆ ಎಡಗೈ. ಐದು ಬೆರಳೂ ಬಿಚ್ಚಿದ್ದವು. ಅಂಗೈಯಲ್ಲಿ ಹಸಿರು ಪಾಚಿ ಕಟ್ಟತೊಡಗಿತ್ತು.

ಅವನು ಏಚಲೆಯ ಕಡೆ ತಿರುಗಿದ.

"ಒಂದು ವರ್ಷ," ಎಂದ. "ಒಂದು ವರ್ಷ ಎಲ್ಲರ ಮಾತು ತಿಂದೆಯಲ್ಲ. ನನಗಾದರೂ ಹೇಳಬಾರದಿತ್ತೇ?"

"ಅದು ಅವಳ ಕೈಯ ಮಾತು. ನಾನು ಹೇಗೆ ಹೇಳಲಿ?"

ಬೂತುಗ ಕಣ್ಣೊರೆಸಿಕೊಂಡು ಗುರಾಣಿ ಎತ್ತಿದ. ಎಡಗೈಯನ್ನು ಬೆನ್ನ ಹಿಂದೆ ಇಟ್ಟ. "ನಡೆ, ಏಚಕ್ಕಾ," ಎಂದ.

ಕಲ್ಲುಗಣ್ಣ ಹೊರಬಂದ. ಬೂತುಗ ಗುರಾಣಿ ಬಡಿದು ಕೂಗಿದ: "ಏ, ಇತ್ತ ನೋಡೋ!"

ಮಾಂತ್ರಿಕ ನಕ್ಕ. "ಗುರಾಣಿಯವನು ಅರಚುವುದು ಬಿಲ್ಲಿನವನನ್ನು ಮರೆಸಲಿಕ್ಕೆ. ಇಷ್ಟೂ ತಿಳಿಯದ ಹಸುಗೂಸೇ ನಾನು?" ಎಂದು ಓರೆಗಣ್ಣಲ್ಲಿ ಕೇತಯ್ಯನನ್ನು ನೋಡಿದ. ಓರೆನೋಟ ಬಿದ್ದಲ್ಲಷ್ಟೇ ಕಲ್ಲು: ಬಿಲ್ಲು ಹಿಡಿದ ಬೆರಳುಗಳು ಕಲ್ಲಾಗತೊಡಗಿದವು.

ಬೂತುಗನ ಬೆನ್ನ ಹಿಂದೆ ಮುಷ್ಟಿ ಬಿಗಿಯಿತು: ನಿಲ್ಲಿ. ಮತ್ತೆ ಬಾಯಿ ತೆರೆದ, ಈ ಸಲ ಅರಚಲಿಲ್ಲ, ಹೇಳಿದ ಅಷ್ಟೇ: "ಇಷ್ಟು ಜನರನ್ನು ಕಲ್ಲು ಮಾಡಿದೆ. ಒಬ್ಬರಾದರೂ ನಿನ್ನೆದುರು ಮಂಡಿಯೂರಿದ್ದಾರಾ, ಎಣಿಸಿ ನೋಡು."

ಮಾಂತ್ರಿಕ ಬಯಲಿನ ತುಂಬ ಕಣ್ಣಾಡಿಸಿದ. ಎಲ್ಲರೂ ನಿಂತೇ ಇದ್ದರು. ಅವನ ಮುಖ ಕಪ್ಪಿಟ್ಟಿತು. ಗದ್ದ ಎತ್ತಿ ಬೂತುಗನನ್ನೇ ದಿಟ್ಟಿಸಿದ. ಕುತ್ತಿಗೆಯ ನೀಲಿ ಮಚ್ಚೆ ಕಂಡಿತು. ಬೂತುಗನ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು.

ಉಳಿದದ್ದು ಒಂದೇ ಹನಿ. ಏಚಲೆ ಬೂತುಗನ ಕಡೆ ಒಂದು ಹೆಜ್ಜೆ ಇಟ್ಟಳು. ಆಗ ಅವನ ಬೆನ್ನ ಹಿಂದಿನ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಅಂಗೈ.

ಅಕ್ಕನ ಕೈ, ಅದೇ ಕೈ, ಎರಡನೆಯ ಸಲ. ಏಚಲೆಯ ಬಾಯಿಂದ ನರಳಿಕೆ ಹೊರಟಿತು. ಆದರೆ ಕಾಲು ತಿರುಗಿತು. ಹನಿ ಕೇತಯ್ಯನ ಬೆರಳ ಮೇಲೆ ಬಿತ್ತು. ಬೆರಳು ಮೆತ್ತಗಾಯಿತು. ಕಲ್ಲು ಬೂತುಗನ ಎದೆಗೇರಿ ಮುಂಗೈ ಮುಟ್ಟುವಾಗ, ಬೆನ್ನ ಹಿಂದೆ ಒಂದೇ ಬೆರಳು ನೆಟ್ಟಗೆ ನಿಂತಿತು. ಬಾಣ ಹಾರಿತು. ನೀಲಿ ಮಚ್ಚೆಗೆ ನಾಟಿತು.

ಕಲ್ಲುಗಣ್ಣ ಜಲ್ಲಿಯಾಗಿ ಉದುರಿದ. ಬಯಲಿನ ತುಂಬ ನೂರಾರು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿತು. ಬೂತುಗ ಕೆಮ್ಮುತ್ತ ಕುಸಿದು ಕೂತ.

ಮಾಚಲೆ ಒಂದು ವರ್ಷ ಬಿಚ್ಚಿಟ್ಟಿದ್ದ ಕೈಯನ್ನು ಮುಂದೆ ತಂದು ನೋಡಿಕೊಂಡಳು. "ಥೂ, ಪಾಚಿ," ಎಂದಳು. ಆಮೇಲೆ ಏಚಲೆಯ ಮುಖ ನೋಡಿದಳು. ಇಬ್ಬರೂ ತಬ್ಬಿಕೊಂಡು ನಿಂತರು.

ಹೇಮಗೂಡಿನ ಬಾಗಿಲಲ್ಲಿ ಊರೇ ನೆರೆದಿತ್ತು. ಗುಂಪಿನೊಳಗಿಂದ ಯಾರೋ, "ಬಿಟ್ಟು ಬಂದವಳೂ ಬಂದಳಲ್ಲ," ಎಂದರು.

ಮಾಚಲೆ ನಿಂತಳು. ಕೈಯ ಮಾತು ಆಡುವಂತಿಲ್ಲ, ಆಡಲಿಲ್ಲ.

"ಹೌದು," ಎಂದಳು. "ಅವತ್ತು ಅವಳು ಬಿಟ್ಟು ಬಂದಳು. ಅದಕ್ಕೇ ಇವತ್ತು ನಾನು ಬಂದೆ."

ಬೂತುಗ ಗುರಾಣಿಯನ್ನು ಬಾಗಿಲಿಗೆ ಒರಗಿಸಿ, ಏಚಲೆಯ ಗಾಯದ ತೋಳಿಗೆ ತನ್ನ ಹೆಗಲು ಕೊಟ್ಟು ಒಳಗೆ ನಡೆದ.

ಕಲ್ಲಾಗಿದ್ದವರೆಲ್ಲ ತಮ್ಮ ತಮ್ಮ ಮನೆಗೆ ಹೋಗಿ ಆರಿದ ಒಲೆ ಹಚ್ಚಿದರು. ಆಮೇಲೆ ಹೇಮಗೂಡಿನ ಜನ ಬಹುಕಾಲ ಸುಖವಾಗಿ ಬಾಳಿದರು, ಯಾರಿಗಾದರೂ ಅಡ್ಡಹೆಸರಿಡುವ ಮುಂಚೆ ಒಂದು ಗಳಿಗೆ ತಡೆದು.