ಏಜೆಂಟ್ ಮುಕ್ಕಾಲು ಹತ್ತಿದ ಮೆಟ್ಟಿಲು

"ಬೂಟಾ? ನಿಮ್ಮಮ್ಮ ಸಿನಿಮಾದಲ್ಲಿ ಬೂಟಾ?"

ಮೈಕು ಹೀಗೆ ಕೇಳಿದ್ದೇ ತಡ, ಊಟದ ಡಬ್ಬಿ ಬಿಚ್ಚಿ ಕೂತಿದ್ದ ಐದನೇ ಕ್ಲಾಸು ಪೂರ್ತಿ ಗೊಳ್ಳೆಂದಿತು. ಅವಳ ನಿಜವಾದ ಹೆಸರು ಬೇರೆ. ಅವಳು ಪಿಸುಗುಟ್ಟಿದರೂ ಹೆಡ್‌ಮಿಸ್ ರೂಮಿನ ತನಕ ಕೇಳಿಸುತ್ತಿತ್ತು, ಅದಕ್ಕೇ ಮೈಕು.

"ಬೂಟಲ್ಲ ಕಣೆ, ಬೂಟಿನ ಸದ್ದು!" ಎಂದಳು ಪಿಟೀಲು. ಇವಳ ದನಿ ಸಣ್ಣದು, ಅಳು ಬಂದರೆ ಇನ್ನೂ ಸಣ್ಣದು. ಆ ಹೆಸರಿಟ್ಟವಳು ಅವಳ ಅಮ್ಮನೇ. "ಏಜೆಂಟ್ ಮುಕ್ಕಾಲು ಟಕ್ ಟಕ್ ಅಂತ ನಡೀತಾನಲ್ಲ, ಆ ಸದ್ದು ನಮ್ಮಮ್ಮ ಮಾಡೋದು. ಅವನು ಜಾರಿ ಬೀಳ್ತಾನಲ್ಲ, ಅದೂ ನಮ್ಮಮ್ಮನೇ."

"ಅವನು ಬಿದ್ರೆ ಸದ್ದು ತಾನಾಗೇ ಬರಲ್ವಾ? ನಿಮ್ಮಮ್ಮ ಯಾಕೆ ಬೀಳ್ಬೇಕು?"

ಎಲ್ಲರೂ ಮತ್ತೆ ನಕ್ಕರು. ಪಿಟೀಲಿಗೆ ಉತ್ತರ ಗೊತ್ತಿತ್ತು, ಕೇಳುವ ಕಿವಿ ಮಾತ್ರ ಅಲ್ಲಿ ಒಂದೂ ಇರಲಿಲ್ಲ.

ಏಜೆಂಟ್ ಮುಕ್ಕಾಲು ಯಾರೆಂದು ಆ ಕ್ಲಾಸಿನಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಹಳೇ ಗೂಢಚಾರಿ ಸಿನಿಮಾಗಳಲ್ಲಿ ಕಪ್ಪು ಕೋಟಿನ ಹೀರೋ ಇರುತ್ತಾನಲ್ಲ, ಹತ್ತನೇ ಮಹಡಿಯಿಂದ ಹಾರಿದರೂ ಕ್ರಾಪು ಕೆಡದವನು, ಅವನನ್ನು ಅಣಕಿಸಲು ಮಾಡಿದ ಸಿನಿಮಾ ಅದು. ಮುಕ್ಕಾಲು ಯಾವ ಕೆಲಸವನ್ನೂ ಪೂರ್ತಿ ಮಾಡಿದವನಲ್ಲ. ಕಿಟಕಿಯಿಂದ ಅವನು ಇಳಿಬಿಟ್ಟ ಹಗ್ಗ ನೆಲ ಮುಟ್ಟುವುದಿಲ್ಲ. ತಿಜೋರಿಯ ನಾಲ್ಕು ನಂಬರಿನಲ್ಲಿ ಮೂರೇ ನೆನಪಿರುತ್ತವೆ. ಅಂಟಿಸಿಕೊಂಡ ಮೀಸೆ ಸರಿಯಾಗಿ ವಿಲನ್‌ನ ಎದುರಿಗೇ ಸೂಪಿನ ಬಟ್ಟಲಿಗೆ ಬೀಳುತ್ತದೆ. ಆಗಲೇ ನಾಲ್ಕು ಭಾಗ ಬಂದಿದ್ದವು, ಐದನೆಯದು ತಯಾರಾಗುತ್ತಿತ್ತು.

"ನಿಮ್ಮಮ್ಮನ್ನ ಸ್ಕೂಲಿಗೆ ಕರ್ಕೊಂಡು ಬಾ, ಇಲ್ಲೇ ಬಿದ್ದು ತೋರಿಸ್ಲಿ. ಆಗ ನಂಬ್ತೀವಿ," ಎಂದಳು ಮೈಕು. "ಇಲ್ಲಾಂದ್ರೆ ನೀನು ಪಿಟೀಲಲ್ಲ, ಸುಳ್ಳು ಊದೋ ಪುಂಗಿ!"

"ಕರ್ಕೊಂಡು ಬರ್ತೀನಿ, ನೋಡ್ತಿರು!"

ಹೇಳಿಬಿಟ್ಟಳು, ಆದರೆ ಅಮ್ಮನನ್ನು ಇನ್ನೂ ಕೇಳಿಯೇ ಇರಲಿಲ್ಲ.

ಅವರ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟು ಒಂದು ವರ್ಷವಾಗಿತ್ತು. ಸಂಜೆ ಪಿಟೀಲು ತಾನೇ ಬೀಗ ತೆಗೆದು, ಹೋಮ್‌ವರ್ಕ್ ಪುಸ್ತಕಗಳನ್ನು ಹರಡಿಕೊಂಡು, ಜಾಣೆಯ ಹಾಗೆ ಟೀವಿ ಹಾಕಿಕೊಂಡು ಕೂರುತ್ತಿದ್ದಳು. ಸ್ಕೂಲಿರುವ ದಿನ ಟೀವಿ ನೋಡಬಾರದೆಂದು ಅಮ್ಮನ ಕಟ್ಟಪ್ಪಣೆ. ಆದರೆ ಅವಳು ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ.

ಯಾಕೆಂದರೆ ಅಮ್ಮನ ಹೆಜ್ಜೆ ಅವಳಿಗೆ ಬಾಯಿಪಾಠವಾಗಿತ್ತು. ಮೊದಲನೇ ಮಹಡಿಯ ತನಕ ಸಲೀಸು. ಅಲ್ಲಿಂದ ಮುಂದೆ ನಿಧಾನ. ಎರಡನೇ ಮಹಡಿಯ ತಿರುವಿನಲ್ಲಿ ಹೆಜ್ಜೆ ನಿಲ್ಲುತ್ತದೆ, ಚೀಲ ಧೊಪ್ಪೆಂದು ನೆಲಕ್ಕೆ ಕೂರುತ್ತದೆ, ಒಂದು ಉದ್ದನೆಯ ಉಸಿರು, ಚೀಲ ಇನ್ನೊಂದು ಕೈಗೆ. ಆಮೇಲೆ ಒಂದೊಂದೇ ಮೆಟ್ಟಿಲು, ಜೊತೆಗೆ ಗೋಡೆಯ ಮೇಲೆ ಅಂಗೈ ಸವರುವ ಸರ್‌ರ್ ಸದ್ದು. ಚೀಲ ಕೆಳಗಿಟ್ಟ ಸದ್ದಿಗೆ ಟೀವಿ ಆರಿಸಿದರೆ ಸಾಕು, ಪೆನ್ಸಿಲ್ ಹಿಡಿದು ಹುಬ್ಬು ಗಂಟಿಕ್ಕಿ ಕೂರಲು ಬೇಕಾದಷ್ಟು ಹೊತ್ತಿರುತ್ತಿತ್ತು.

ಆ ದಿನವೂ ಹಾಗೇ ಆಯಿತು. ಅಮ್ಮ ಬಂದವಳೇ ಬಕೆಟ್ಟಿಗೆ ಬಿಸಿನೀರು ಸುರಿದು ಪಾದ ಇಳಿಬಿಟ್ಟುಕೊಂಡು ಕೂತಳು. ಪಾದಗಳು ಊದಿಕೊಂಡಿದ್ದವು.

"ಅಮ್ಮಾ, ನಾಳೆ ನಮ್ಮ ಸ್ಕೂಲಿಗೆ ಬರ್ಬೇಕು. ಎಲ್ಲರ ಮುಂದೆ ಒಂದ್ಸಲ ಬಿದ್ದು ತೋರಿಸ್ಬೇಕು."

"ಇವತ್ತೊಂದೇ ದಿನ ನಲ್ವತ್ತು ಸಲ ಬಿದ್ದಿದ್ದೀನಿ ಕಂದಾ. ಶನಿವಾರದೊಳಗೆ ಕೆಲಸ ಮುಗಿಸಿ ಕೊಡ್ಬೇಕು. ಆಗಲ್ಲ, ಸುಸ್ತು."

"ಐದೇ ನಿಮಿಷ!"

"ಆಗಲ್ಲ ಅಂದ್ನಲ್ಲ."

"ನಿಂಗೆ ಯಾವಾಗ್ಲೂ ಸುಸ್ತೇ! ಸ್ಕೂಲಿಗೂ ಬರಲ್ಲ, ಆಟಕ್ಕೂ ಬರಲ್ಲ. ನೀನೂ ಬರೀ ಮುಕ್ಕಾಲೇ!"

ಅಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವಳು ಬಕೆಟ್ಟಿನ ನೀರನ್ನೇ ನೋಡುತ್ತ ಕೂತಳು. ಪಿಟೀಲಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬಂತು, ಆದರೆ ಸಾರಿ ಎನ್ನಲು ಬಿಗುಮಾನ ಬಿಡಲಿಲ್ಲ. ಮಾರನೇ ದಿನದಿಂದ ಕ್ಲಾಸಿನಲ್ಲಿ ಅವಳು ಪುಂಗಿಯಾದಳು.

ಶನಿವಾರ ಸ್ಕೂಲಿಗೆ ರಜೆ. ಅಪ್ಪ ಬಸ್ ಡ್ರೈವರ್, ಅವನಿಗೆ ಡ್ಯೂಟಿ. ಹಾಗಾಗಿ ಪಿಟೀಲು ಅಮ್ಮನ ಜೊತೆ ಸ್ಟುಡಿಯೋಗೆ ಹೋಗಬೇಕಾಯಿತು.

ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆ ಅದು. ತಿರುಗುವಾಗ ಸದ್ದಾಗುತ್ತದೆಂದು ಫ್ಯಾನೂ ಇಲ್ಲ. ನೆಲದಲ್ಲಿ ಒಂದು ಕಡೆ ಮರಳು, ಒಂದು ಕಡೆ ಜಲ್ಲಿಕಲ್ಲು, ಇನ್ನೊಂದು ಕಡೆ ಹಲಗೆ. ಮೂಲೆಯಲ್ಲಿ ಎರಡೇ ಮೆಟ್ಟಿಲಿನ ಸಿಮೆಂಟು ಕಟ್ಟೆ. ಗಾಜಿನ ಆಚೆ ರೆಕಾರ್ಡಿಂಗ್ ಅಂಕಲ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಶೂಟಿಂಗಿನಲ್ಲಿ ಜನರ ಗಲಾಟೆಯ ನಡುವೆ ಹೆಜ್ಜೆಯಂಥ ಸಣ್ಣ ಸದ್ದುಗಳೆಲ್ಲ ಕಳೆದುಹೋಗುತ್ತವೆ. ಅವನ್ನು ಆಮೇಲೆ ತೆರೆಯ ಮೇಲಿನ ಚಿತ್ರ ನೋಡಿಕೊಂಡು ಇಲ್ಲಿ ಹೊಸದಾಗಿ ಮಾಡಬೇಕು.

ಅಮ್ಮ ಗಂಡಸರ ಬೂಟು ಹಾಕಿಕೊಂಡಳು. ಎರಡು ಸೈಜು ದೊಡ್ಡದು, ತುದಿಗೆ ಕಾಲುಚೀಲ ತುರುಕಿದ್ದಳು. ಕ್ಯಾರೆಟ್ ಲಟಕ್ಕನೆ ಮುರಿದಳು, ತೆರೆಯ ಮೇಲೆ ವಿಲನ್‌ನ ಬೆರಳು ಮುರಿಯಿತು. ಛತ್ರಿ ಫಟ್ಟೆಂದು ಬಿಚ್ಚಿದಳು, ಮುಕ್ಕಾಲಿನ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಅದೂ ಅವನು ನೆಲಕ್ಕೆ ಬಿದ್ದ ಮೇಲೆ. ಪಿಟೀಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಾಯಿಯನ್ನೇನೋ ಮುಚ್ಚಬಹುದು, ಹೊಟ್ಟೆಯನ್ನು ಮುಚ್ಚುವುದು ಹೇಗೆ? ಹಸಿವಿಗೆ ಅದು ಗುಡುಗುಡು ಎಂದು ಒಂದು ಟೇಕು ಪೂರ್ತಿ ಹಾಳಾಯಿತು.

ಕೊನೆಗೆ ಉಳಿದದ್ದು ಒಂದೇ ಸೀನ್. ಮುಕ್ಕಾಲು ಜೀವನದಲ್ಲೇ ಮೊದಲ ಸಲ ಒಂದು ಕೆಲಸ ಪೂರ್ತಿ ಮಾಡಿದ್ದಾನೆ, ಆದರೆ ಅದು ಅವನೇ ಮಾಡಿದ್ದೆಂದು ಯಾರೂ ನಂಬುತ್ತಿಲ್ಲ. ಮನೆಗೆ ವಾಪಸ್ ಬರುತ್ತಾನೆ. ತೆರೆಯ ಮೇಲೆ ಕಾಣುವುದು ಬರೀ ಒಂದು ಮುಚ್ಚಿದ ಬಾಗಿಲು. ಹೊರಗೆ ಅವನು ಮೆಟ್ಟಿಲು ಹತ್ತುವ ಸದ್ದು ಮಾತ್ರ ಕೇಳಬೇಕು.

ಅಮ್ಮ ಕಟ್ಟೆಯ ಮೇಲೆ ಬೂಟು ಎಳೆದೆಳೆದು ಹಾಕಿದಳು. "ಇನ್ನೊಂದ್ಸಲ ಅಕ್ಕಾ," ಎಂದರು ಅಂಕಲ್. ಎಡವಿದ ಹಾಗೆ ಮಾಡಿದಳು. "ಇನ್ನೊಂದ್ಸಲ." ಹತ್ತು ಸಲವಾಯಿತು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಇದು ಸುಸ್ತಾದವನು ನಡೆದ ಹಾಗಿಲ್ಲ, ಸುಸ್ತಾದವನನ್ನ ಅಣಕಿಸಿದ ಹಾಗಿದೆ."

ನಾಲ್ಕು ಸಿನಿಮಾ ನಗಿಸಿ ನಗಿಸಿ ಅಮ್ಮನ ಕಾಲಿಗೆ ಅದೇ ಅಭ್ಯಾಸವಾಗಿತ್ತು. ಅವಳು ಕಟ್ಟೆಯ ಮೇಲೇ ಕುಸಿದು ಕೂತಳು. "ನಂಗೆ ಇನ್ನು ಬರ್ತಿಲ್ಲ ಕಣಪ್ಪ," ಎಂದಳು.

ಪಿಟೀಲಿಗೆ ಸುಮ್ಮನಿರಲಾಗಲಿಲ್ಲ. "ಅಮ್ಮಾ, ಹಾಗಲ್ಲ. ನೀನು ಮನೆಗೆ ಬರ್ತೀಯಲ್ಲ, ಹಾಗೆ."

"ನಾನು ಹೇಗೆ ಬರ್ತೀನಿ?"

ತಮಾಷೆಗೆ ಕೇಳಿದ್ದಲ್ಲ. ಕಳ್ಳ, ಪೊಲೀಸ್, ಮುದುಕ, ಎಲ್ಲರ ಹೆಜ್ಜೆಯೂ ಗೊತ್ತಿದ್ದ ಅಮ್ಮನಿಗೆ ತನ್ನ ಹೆಜ್ಜೆ ಹೇಗಿದೆಯೆಂದು ನಿಜವಾಗಿಯೂ ಗೊತ್ತಿರಲಿಲ್ಲ.

ಪಿಟೀಲು ಅಮ್ಮನ ಚೀಲ ಎತ್ತಿಕೊಂಡಳು. ಒಳಗೆ ಎರಡು ಜೊತೆ ಬೂಟು, ಬೀಗದ ಕೈಗಳ ಗೊಂಚಲು, ನೀರಿನ ಬಾಟಲಿ, ಮನೆಗೆಂದು ಕೊಂಡ ತರಕಾರಿ. ಅದು ಅಷ್ಟು ಭಾರವಿದೆಯೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಕಟ್ಟೆಯ ಮೇಲೆ ಹೆಜ್ಜೆ ಹಾಕಿದಳು, ನಿಧಾನ ಮಾಡಿದಳು, ನಿಂತಳು. ಚೀಲ ಇಟ್ಟಳು. ಉಸಿರು ಬಿಟ್ಟಳು. ಇನ್ನೊಂದು ಕೈಯಲ್ಲಿ ಚೀಲ ಹಿಡಿದು, ಅಂಗೈಯಿಂದ ಗೋಡೆ ಸವರಿದಳು.

"ಇಷ್ಟೆಲ್ಲ ನಿಂಗೆ ಹೇಗೆ ಗೊತ್ತು?" ಅಮ್ಮ ಮೆಲ್ಲಗೆ ಕೇಳಿದಳು.

"ಅಷ್ಟರೊಳಗೆ ಟೀವಿ ಆರಿಸ್ಬೇಕಲ್ಲ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಗಾಜಿನ ಆಚೆ ಅಂಕಲ್ ನಕ್ಕುಬಿಟ್ಟರು. "ಮನೆಗೆ ಬಾ, ವಿಚಾರಿಸ್ಕೋತೀನಿ," ಎಂದಳು ಅಮ್ಮ. ಆದರೆ ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಎದ್ದು ಚೀಲ ತೆಗೆದುಕೊಂಡಳು, ಒಂದೇ ಒಂದು ಸಲ ಮಾಡಿದಳು. ಅಂಕಲ್ ಹೆಡ್‌ಫೋನ್ ತೆಗೆದಿಟ್ಟರು.

"ಸಾಕು ಅಕ್ಕಾ," ಎಂದರು. "ಇದೇ."

ಎರಡು ತಿಂಗಳಾದ ಮೇಲೆ ಮೈಕು ತನ್ನ ಬರ್ತ್‌ಡೇಗೆ ಗೆಳತಿಯರನ್ನೆಲ್ಲ ಐದನೇ ಭಾಗಕ್ಕೆ ಕರೆದುಕೊಂಡು ಹೋದಳು. "ಕೊನೇಲಿ ನಿಮ್ಮಮ್ಮನ ಹೆಸರು ಬರುತ್ತಲ್ಲ, ತೋರಿಸ್ಬೇಕು," ಎಂದು ಥಿಯೇಟರ್ ಬಾಗಿಲಲ್ಲೇ ನೆನಪಿಸಿದಳು. ಪಿಟೀಲು ಅದಕ್ಕಾಗಿಯೇ ದಿನ ಎಣಿಸುತ್ತಿದ್ದಳು.

ಥಿಯೇಟರ್ ನಕ್ಕಿತು, ಸೀಟು ಬಡಿದು ನಕ್ಕಿತು. ಆಮೇಲೆ ತೆರೆಯ ಮೇಲೆ ಮುಚ್ಚಿದ ಬಾಗಿಲು ಬಂತು.

ಟಕ್. ಟಕ್. ಧೊಪ್. ಉಸಿರು. ಸರ್‌ರ್.

ಯಾರೂ ನಗಲಿಲ್ಲ. ಪಾಪ್‌ಕಾರ್ನ್ ಪೊಟ್ಟಣದಲ್ಲಿ ಮೈಕುವಿನ ಕೈ ಹಾಗೇ ನಿಂತಿತು. "ಪಾಪ, ಎಷ್ಟು ಸುಸ್ತಾಗಿದೆ ಕಣೆ," ಎಂದು ಅವಳು ಪಿಸುಗುಟ್ಟಿದಳು. ಇಡೀ ಸಾಲಿಗೆ ಕೇಳಿಸಿತು.

ಅದು ನಮ್ಮಮ್ಮ! ಮಾತು ಪಿಟೀಲಿನ ಬಾಯಿ ತುದಿಗೇ ಬಂದಿತ್ತು. ಆದರೆ ಹೊರಗೆ ಬರಲಿಲ್ಲ. ಜಂಬ ಪಡುವ ಸದ್ದು ಅದಲ್ಲ ಅನ್ನಿಸಿತು. ದಿನಾ ಸಂಜೆ ಅದನ್ನು ಕೇಳಿಸಿಕೊಂಡು ತಾನು ಮಾಡುತ್ತಿದ್ದದ್ದು ಟೀವಿ ಆರಿಸುವುದೊಂದೇ.

ಕೊನೆಯಲ್ಲಿ ಹೆಸರು ಬರುವ ಹೊತ್ತಿಗೆ ಜನ ಎದ್ದು ನಿಂತರು. ತೆರೆ ತುಂಬ ತಲೆಗಳು.

"ಎಲ್ಲಿ ಹೆಸರು?"

"ಹೋಯ್ತು. ಕಾಣಿಸ್ಲಿಲ್ಲ."

"ಪುಂಗಿ!"

"ಹೂಂ, ಪುಂಗಿ," ಎಂದಳು ಪಿಟೀಲು. ಆವತ್ತು ಅವಳಿಗೆ ಅಳು ಬರಲಿಲ್ಲ.

ಸೋಮವಾರ ಸಂಜೆ. ಟೀವಿ ಹಾಡುತ್ತಿತ್ತು. ಕೆಳಗೆ ಹೆಜ್ಜೆ ಕೇಳಿಸಿತು. ಮೊದಲನೇ ಮಹಡಿ ಸಲೀಸು. ಆಮೇಲೆ ನಿಧಾನ. ತಿರುವಿನಲ್ಲಿ ಧೊಪ್ಪೆಂದು ಚೀಲ ಕೂತಿತು.

ಪಿಟೀಲು ಟೀವಿ ಆರಿಸಿದಳು. ಆದರೆ ಪೆನ್ಸಿಲ್ ಹಿಡಿಯಲಿಲ್ಲ. ಬಾಗಿಲು ತೆರೆದು ಬರಿಗಾಲಲ್ಲೇ ಕೆಳಗೆ ಓಡಿದಳು.

ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. "ಏನಾಯ್ತೇ?"

"ಏನಿಲ್ಲ. ಕೊಡು ಇಲ್ಲಿ."

"ಟೀವಿ ನೋಡ್ತಿದ್ದೆ ಅಲ್ವಾ?"

"ಹೂಂ."

ಪಿಟೀಲು ಎರಡೂ ಕೈಯಲ್ಲಿ ಚೀಲ ಎತ್ತಿದಳು. ಅದು ಒಂದೊಂದು ಮೆಟ್ಟಿಲಿಗೂ ಧಡ್ ಧಡ್ ಎಂದು ತಗುಲುತ್ತಿತ್ತು. ಅಮ್ಮ ಹಿಂದೆ ಹಿಂದೆ ಬಂದಳು. ಗೋಡೆ ಸವರುವ ಸದ್ದು ಕೇಳಿಸಲಿಲ್ಲ. ಆ ಅಂಗೈ ಪಿಟೀಲಿನ ಹೆಗಲ ಮೇಲಿತ್ತು.